'ಬಿಡ್ತು ಅನ್ನು' ಎನ್ನುವ ಮೊದಲು: ಸಾಯುವ ಯೋಚನೆಯಲ್ಲಿರುವವರನ್ನು ಗುರುತಿಸುವುದು, ಅವರ ಜೊತೆ ನಿಲ್ಲುವುದು

ಯಾರಾದರೂ ಸಾವಿನ ಮಾತು ಎತ್ತಿದರೆ ನಮ್ಮ ಬಾಯಿಗೆ ತಾನಾಗಿ ಬರುವ ಮಾತೊಂದಿದೆ. 'ಬಿಡ್ತು ಅನ್ನು.' ಪ್ರೀತಿಯಿಂದಲೇ ಹೇಳುತ್ತೇವೆ. ಕೆಟ್ಟದ್ದು ತಾಗದಿರಲಿ ಅಂತ ಹೇಳುತ್ತೇವೆ. ಆದರೆ ಎದುರಿಗಿರುವವರು ಆ ಮಾತನ್ನು ನಿಜವಾಗಿಯೇ ಆಡಿದ್ದರೆ? ಎಷ್ಟೋ ದಿನ ಒಳಗೇ ಇಟ್ಟುಕೊಂಡು, ಧೈರ್ಯ ಮಾಡಿ, ಅರ್ಧ ಮಾತು ಹೊರಗೆ ಹಾಕಿದ್ದರೆ? ಆಗ ಅವರ ಕಿವಿಗೆ 'ಈ ವಿಷಯ ನನ್ನ ಹತ್ತಿರ ತರಬೇಡ' ಅಂತ ಕೇಳಿಸುತ್ತದೆ. 'ಸುಮ್ನೆ ಹೇಳಿದೆ' ಅಂತ ನಕ್ಕು ಸುಮ್ಮನಾಗುತ್ತಾರೆ. ಆಮೇಲೆ ಮತ್ತೆ ಹೇಳುವುದಿಲ್ಲ.

ಜಗತ್ತಿನಲ್ಲಿ ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಜನ ತಾವಾಗಿಯೇ ಜೀವ ಕಳೆದುಕೊಳ್ಳುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 15ರಿಂದ 29 ವಯಸ್ಸಿನವರ ಸಾವಿಗೆ ಇದು ಮೂರನೇ ದೊಡ್ಡ ಕಾರಣ. ಇವರಲ್ಲಿ ಎಷ್ಟೋ ಮಂದಿ ವೈದ್ಯರ ಮುಂದೆ ಕೂತೇ ಇರುವುದಿಲ್ಲ. ಅವರು ಕೂತಿರುವುದು ನಿಮ್ಮ ಮುಂದೆ, ನನ್ನ ಮುಂದೆ. ಅದಕ್ಕೇ ಇದನ್ನು ಅಕ್ಕತಂಗಿಯರಿಗೆ, ಗೆಳೆಯರಿಗೆ, ಜೊತೆಗೆ ಕೆಲಸ ಮಾಡುವವರಿಗೆ, ಮೇಷ್ಟ್ರುಗಳಿಗೆ ಅಂತ ಬರೆಯುತ್ತಿದ್ದೇನೆ.

ಒಂದು ವೇಳೆ ಓದುತ್ತಿರುವ ನಿಮಗೇ ಇಂಥ ಯೋಚನೆ ಬರುತ್ತಿದ್ದರೆ, ಉಳಿದದ್ದು ಆಮೇಲೆ ಓದಿ. ಮೊದಲು ಒಬ್ಬರಿಗೆ ಹೇಳಿ. ಭಾರತದಲ್ಲಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಮೆರಿಕ ಮತ್ತು ಕೆನಡಾದಲ್ಲಿ 988, ಬ್ರಿಟನ್ನಿನಲ್ಲಿ 116 123. ಈ ಯೋಚನೆ ಬಂದ ಮಾತ್ರಕ್ಕೆ ನೀವು ಕೆಟ್ಟವರಲ್ಲ, ದುರ್ಬಲರೂ ಅಲ್ಲ. ತಡೆಯಲಾಗದಷ್ಟು ನೋವಿನಲ್ಲಿದ್ದೀರಿ. ನೋವಿಗೆ ಸಹಾಯ ಇದೆ.

ಮೊದಲ ಹೆಜ್ಜೆ: ಬದಲಾವಣೆಯನ್ನು ಗಮನಿಸಿ

ಸಾಯುವ ಯೋಚನೆಯಲ್ಲಿರುವವರು ಅದನ್ನು ನೇರವಾಗಿ ಹೇಳುವುದು ಕಡಿಮೆ. ಸುತ್ತಿ ಬಳಸಿ ಹೇಳುತ್ತಾರೆ. 'ಸಾಕಾಗಿ ಹೋಗಿದೆ.' 'ಯಾರಿಗೂ ಭಾರ ಆಗ್ಬಾರ್ದು.' 'ರಾತ್ರಿ ಮಲಗಿದ್ರೆ ಬೆಳಿಗ್ಗೆ ಏಳ್ಲೇಬಾರ್ದು ಅನ್ಸತ್ತೆ.' 'ನಾನಿಲ್ಲದಿದ್ರೆ ನೀವೆಲ್ಲ ಆರಾಮಾಗಿರ್ತೀರಿ.' ವಯಸ್ಸಾದವರಾದರೆ 'ದೇವರು ಇನ್ನೂ ಯಾಕೆ ಇಟ್ಟಿದ್ದಾನೋ' ಅನ್ನಬಹುದು. ಇವೆಲ್ಲ ದಿನನಿತ್ಯ ಕೇಳುವ ಮಾತುಗಳೇ, ಅಲ್ವಾ? ಹೌದು, ಪ್ರತಿಸಲವೂ ಇದರ ಹಿಂದೆ ಅಪಾಯ ಇರುವುದಿಲ್ಲ. ಆದರೆ ಇಷ್ಟು ದಿನ ಹಾಗೆ ಮಾತಾಡದವರು ಈಗ ಮಾತಾಡುತ್ತಿದ್ದರೆ, ಅಥವಾ ಮತ್ತೆ ಮತ್ತೆ ಅದೇ ಮಾತಿಗೆ ಬರುತ್ತಿದ್ದರೆ, ಕಿವಿಗೊಡಿ. ಅದರಲ್ಲೂ 'ಭಾರ' ಅನ್ನುವ ಮಾತಿಗೆ. ನಾನು ಎಲ್ಲರಿಗೂ ಹೊರೆ, ನಾನು ಹೋದರೇ ಅವರಿಗೆ ಒಳ್ಳೆಯದು ಎಂಬ ನಂಬಿಕೆ ಇಂಥ ಯೋಚನೆಯ ತಳದಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಅದು ನಿಜವಲ್ಲ. ಆದರೆ ಅವರಿಗೆ ಆ ಹೊತ್ತಿಗೆ ನಿಜವಾಗಿಯೇ ಕಾಣುತ್ತದೆ.

ಮಾತಿನ ಜೊತೆ ನಡೆಯನ್ನೂ ನೋಡಿ. ನಿದ್ದೆ ಕೆಟ್ಟಿರುತ್ತದೆ, ಅಥವಾ ದಿನವಿಡೀ ಮಲಗಿರುತ್ತಾರೆ. ಜನರಿಂದ ದೂರವಾಗುತ್ತಾರೆ. ಕುಡಿತ ಜಾಸ್ತಿಯಾಗುತ್ತದೆ. ತುಂಬಾ ಇಷ್ಟಪಟ್ಟು ಇಟ್ಟುಕೊಂಡಿದ್ದ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಕಾಗದಪತ್ರ ಎಲ್ಲಿವೆ, ಯಾರಿಗೆ ಎಷ್ಟು ಕೊಡಬೇಕು ಅಂತ ಹೇಳಿಡುತ್ತಾರೆ. ಎಷ್ಟೋ ದಿನದಿಂದ ಮಾತಾಡದವರಿಗೆ ಫೋನ್ ಮಾಡಿ, ಬೀಳ್ಕೊಡುವ ಹಾಗೆ ಮಾತಾಡುತ್ತಾರೆ. ಸಾಯುವ ದಾರಿಗಳ ಬಗ್ಗೆ ಹುಡುಕುತ್ತಿರುತ್ತಾರೆ. ಹದಿಹರೆಯದವರಲ್ಲಿ ದುಃಖಕ್ಕಿಂತ ಸಿಟ್ಟು, ಸಿಡುಕು ಮುಂದಾಗಿ ಕಾಣಬಹುದು. 'ವಯಸ್ಸೇ ಹಾಗೆ' ಅಂತ ನಾವು ದಾಟಿಸಿಬಿಡುತ್ತೇವೆ. ವಯಸ್ಸಾದವರು ಸದ್ದಿಲ್ಲದೆ ಊಟ ಬಿಡಬಹುದು, ಮಾತ್ರೆ ಬಿಡಬಹುದು.

ತುಂಬಾ ಜನ ತಪ್ಪಾಗಿ ಓದುವ ಸೂಚನೆ ಒಂದಿದೆ. ವಾರಗಟ್ಟಲೆ ಕುಗ್ಗಿದ್ದವರು ಒಂದು ದಿನ ಇದ್ದಕ್ಕಿದ್ದಂತೆ ಶಾಂತವಾಗುತ್ತಾರೆ. ಮುಖದಲ್ಲಿ ನೆಮ್ಮದಿ ಕಾಣುತ್ತದೆ. 'ಸದ್ಯ, ಸರಿಹೋದ' ಅಂತ ಮನೆಯವರು ಉಸಿರು ಬಿಡುತ್ತಾರೆ. ನಿಜವಾಗಿ ಸುಧಾರಿಸಿರಬಹುದು. ಆದರೆ ಕೆಲವೊಮ್ಮೆ ಅದು ಮನಸ್ಸಿನಲ್ಲೇ ಸಾಯುವ ತೀರ್ಮಾನ ಮಾಡಿಕೊಂಡ ಮೇಲೆ ಬರುವ ಶಾಂತಿ. ಕಾರಣವೇ ಇಲ್ಲದೆ ಬಂದ ಬದಲಾವಣೆಯಾದರೆ ಆ ದಿನವೇ ಕೇಳಬೇಕು.

ಹಿನ್ನೆಲೆಯೂ ಮುಖ್ಯ. ಹಿಂದೆ ಒಮ್ಮೆ ಪ್ರಯತ್ನ ಮಾಡಿದವರಲ್ಲಿ ಅಪಾಯ ಎಲ್ಲಕ್ಕಿಂತ ಹೆಚ್ಚು. ಸಂಬಂಧ ಮುರಿದಿರುವುದು, ಸಾಲ, ಕೆಲಸ ಹೋಗಿರುವುದು, ನಾಲ್ಕು ಜನರ ಮುಂದೆ ಆದ ಅವಮಾನ, ಬಿಡದೆ ಕಾಡುವ ನೋವು, ಆಪ್ತರೊಬ್ಬರು ಹೀಗೇ ಹೋಗಿರುವುದು, ಇವು ಅಪಾಯವನ್ನು ಹೆಚ್ಚಿಸುತ್ತವೆ. ಹಾಗಂತ 'ಸಾಲ ಇತ್ತು, ಅದಕ್ಕೇ ಹೋದ' ಅಂತ ಒಂದೇ ಕಾರಣಕ್ಕೆ ಕಟ್ಟಿಹಾಕಬೇಡಿ. ಕಾರಣ ಒಂದೇ ಇರುವುದು ಅಪರೂಪ.

ಎರಡನೇ ಹೆಜ್ಜೆ: ನೇರವಾಗಿ ಕೇಳಿ

ಇಲ್ಲಿ ನಮ್ಮನ್ನು ತಡೆಯುವುದು ಎರಡು ನಂಬಿಕೆಗಳು. ಒಂದು, 'ಬೊಗಳುವ ನಾಯಿ ಕಚ್ಚುವುದಿಲ್ಲ' ಅನ್ನುವ ಗಾದೆಯನ್ನು ಇಲ್ಲಿಗೂ ತಂದು ಅಂಟಿಸುವುದು. ಹೇಳುವವರು ಮಾಡುವುದಿಲ್ಲವಂತೆ. ಇದು ತಪ್ಪು. ಜೀವ ಕಳೆದುಕೊಂಡವರಲ್ಲಿ ಎಷ್ಟೋ ಮಂದಿ ಮೊದಲೇ ಯಾರಿಗೋ, ಹೇಗೋ ಹೇಳಿರುತ್ತಾರೆ. ಇನ್ನೊಂದು, 'ನಾನೇ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ' ಅನ್ನುವ ಭಯ. ಇದನ್ನು ಸಂಶೋಧಕರು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 2005ರಲ್ಲಿ ಅಮೆರಿಕದ ಹೈಸ್ಕೂಲ್ ಮಕ್ಕಳಲ್ಲಿ ಕೆಲವರಿಗೆ ಈ ಪ್ರಶ್ನೆ ಕೇಳಿ, ಕೆಲವರಿಗೆ ಕೇಳದೆ ಹೋಲಿಸಿದರು. ಕೇಳಿದ್ದರಿಂದ ಯಾರ ಯೋಚನೆಯೂ ಹೆಚ್ಚಲಿಲ್ಲ. ಮೊದಲೇ ಸಂಕಟದಲ್ಲಿದ್ದ ಮಕ್ಕಳಿಗಂತೂ ಕೇಳಿಸಿಕೊಂಡ ಮೇಲೆ ಸಂಕಟ ಸ್ವಲ್ಪ ಇಳಿದಿತ್ತು.

ಹೇಗೆ ಕೇಳಬೇಕು? 'ಅಂಥದ್ದೇನೂ ಯೋಚನೆ ಇಲ್ಲ ತಾನೇ?' ಅಂತ ಮಾತ್ರ ಬೇಡ. ಈ ಪ್ರಶ್ನೆಯಲ್ಲೇ 'ಇಲ್ಲ ಅನ್ನು' ಎಂಬ ಬೇಡಿಕೆ ಇದೆ. ಅವರು 'ಇಲ್ಲ' ಅಂದುಬಿಡುತ್ತಾರೆ. ಮೊದಲು ನೀವು ಕಂಡದ್ದನ್ನು ಹೇಳಿ, ಆಮೇಲೆ ಬಿಡಿಸಿ ಕೇಳಿ: 'ಎರಡು ವಾರದಿಂದ ಸರಿಯಾಗಿ ಮಾತಾಡ್ತಿಲ್ಲ ನೀನು. ತುಂಬಾ ನೋವಲ್ಲಿದ್ದಾಗ ಕೆಲವರಿಗೆ ಸಾಯಬೇಕು ಅನ್ಸತ್ತೆ. ನಿಂಗೂ ಹಾಗೆ ಅನ್ಸ್ತಿದ್ಯಾ?' ಸಾಯುವ ಮಾತು ನಿಮ್ಮ ಬಾಯಿಂದ ಮೊದಲು ಬಂದರೆ, ಅದನ್ನು ನಿಮ್ಮ ಹತ್ತಿರ ಆಡಬಹುದು ಅಂತ ಅವರಿಗೆ ಗೊತ್ತಾಗುತ್ತದೆ.

ಇಲ್ಲಿ ಪದದ ಬಗ್ಗೆ ಒಂದು ಮಾತು. 'ಆತ್ಮಹತ್ಯೆ' ಎನ್ನುವುದರಲ್ಲಿ 'ಹತ್ಯೆ' ಇದೆ. ಅದಕ್ಕೆ ಅಪರಾಧದ ವಾಸನೆ ಅಂಟಿಕೊಂಡಿದೆ. ನೋವಿನಲ್ಲಿರುವವರ ಎದುರು ನಾನು 'ಸಾಯಬೇಕು ಅನ್ಸತ್ತಾ', 'ಜೀವ ಕಳ್ಕೋಬೇಕು ಅನ್ಸತ್ತಾ' ಎಂದೇ ಕೇಳುತ್ತೇನೆ. ಅಷ್ಟೇ ನೇರ, ಆದರೆ ಕಟಕಟೆಯಲ್ಲಿ ನಿಲ್ಲಿಸಿದ ಹಾಗಿರುವುದಿಲ್ಲ.

ಇಬ್ಬರೇ ಇರುವ ಹೊತ್ತು ನೋಡಿ ಕೇಳಿ. ಫೋನ್ ಪಕ್ಕಕ್ಕಿಡಿ. ಎದುರುಬದುರು ಕೂರುವುದಕ್ಕಿಂತ ಜೊತೆಯಲ್ಲಿ ನಡೆಯುವಾಗ, ಪಕ್ಕದಲ್ಲಿ ಕೂತಿರುವಾಗ ಕೆಲವರಿಗೆ ಮಾತು ಸುಲಭವಾಗುತ್ತದೆ.

ಮೂರನೇ ಹೆಜ್ಜೆ: ಸರಿಮಾಡಲು ಹೋಗದೆ ಕೇಳಿಸಿಕೊಳ್ಳಿ

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ. ಒಂದು ಸಂದರ್ಭ ಊಹಿಸಿಕೊಳ್ಳಿ. ಅಕ್ಕ, ತಮ್ಮ ಇಬ್ಬರೇ ಕೂತಿದ್ದಾರೆ.

'ಏನೂ ಇಲ್ಲಕ್ಕ. ನಾನೊಬ್ಬ ಇಲ್ಲದಿದ್ರೆ ನಿಮಗೆಲ್ಲ ಈ ತಲೆನೋವೇ ಇರ್ತಿರ್ಲಿಲ್ಲ.'

'ಇಲ್ಲದಿದ್ರೆ ಅಂದ್ರೆ? ಸಾಯೋ ಯೋಚನೆ ಬರ್ತಿದ್ಯೇನೋ ನಿಂಗೆ?'

ತಮ್ಮ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಅಕ್ಕನೂ ಸುಮ್ಮನಿರುತ್ತಾಳೆ.

'ಬರತ್ತೆ. ರಾತ್ರಿ ಹೊತ್ತು ಜಾಸ್ತಿ.'

'ಎಷ್ಟು ದಿನದಿಂದ?'

'ಒಂದು ತಿಂಗಳಾಯ್ತೇನೋ.'

'ಒಂದು ತಿಂಗಳು ಒಬ್ನೇ ಹೊತ್ಕೊಂಡಿದ್ಯಲ್ಲೋ. ನನ್ನ ಹತ್ರ ಹೇಳಿದ್ದು ಒಳ್ಳೇದಾಯ್ತು. ನಾನೆಲ್ಲೂ ಹೋಗಲ್ಲ. ಹೇಳು.'

ಅಕ್ಕ ಇಲ್ಲಿ ಮಾಡಿದ್ದು ತುಂಬಾ ಕಡಿಮೆ. ಅವನ ಬಾಯಲ್ಲಿ ಬಂದ 'ಇಲ್ಲದಿದ್ರೆ' ಎನ್ನುವ ಪದವನ್ನೇ ಹಿಡಿದುಕೊಂಡಳು. ಅವನು ಸುಮ್ಮನಾದಾಗ ತಾನೂ ಕಾದಳು. 'ಯಾಕೆ?' ಅಂತ ಕೇಳದೆ 'ಎಷ್ಟು ದಿನದಿಂದ?' ಅಂತ ಕೇಳಿದಳು. 'ಯಾಕೆ' ಅಂದರೆ ಸಮರ್ಥನೆ ಕೊಡಬೇಕಾಗುತ್ತದೆ, 'ಎಷ್ಟು ದಿನದಿಂದ' ಅಂದರೆ ಕಥೆ ಹೇಳಬಹುದು. ಹೆದರಿಕೆ ಅವಳಿಗೂ ಆಗಿರುತ್ತದೆ. ಕೈ ನಡುಗಿದರೂ ಪರವಾಗಿಲ್ಲ. 'ನಂಗೂ ಭಯ ಆಗ್ತಿದೆ, ಆದ್ರೂ ಕೇಳ್ತೀನಿ' ಅಂತ ಹೇಳಿದರೂ ಆಗುತ್ತದೆ.

ಈಗ ನಾವು ಸಾಮಾನ್ಯವಾಗಿ ಹೇಳುವ ಮಾತುಗಳು. 'ನಿಂಗೇನು ಕಮ್ಮಿಯಾಗಿದೆ?' 'ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ?' 'ಇದು ಹೇಡಿಗಳು ಮಾಡೋ ಕೆಲಸ.' ಇವು ಬಾಯಿ ಮುಚ್ಚಿಸುತ್ತವೆ, ಯೋಚನೆಯನ್ನು ನಿಲ್ಲಿಸುವುದಿಲ್ಲ. 'ಅಪ್ಪ ಅಮ್ಮನ ಮುಖ ನೋಡು' ಎನ್ನುವುದು ಇನ್ನೂ ಸೂಕ್ಷ್ಮ. ಒಳ್ಳೆಯ ಮನಸ್ಸಿನಿಂದ ಹೇಳುತ್ತೇವೆ. ಆದರೆ ತಾನೇ ಎಲ್ಲರಿಗೂ ಹೊರೆ ಅಂದುಕೊಂಡವನ ಮೇಲೆ ಅದು ಇನ್ನೊಂದು ತಪ್ಪಿನ ಹೊರೆ ಇಡುತ್ತದೆ. 'ಎಲ್ಲಾ ಸರಿಹೋಗತ್ತೆ ಬಿಡು' ಅನ್ನುವುದಕ್ಕೂ ಅವಸರ ಬೇಡ. ಇನ್ನೂ ಪೂರ್ತಿ ಕೇಳಿಯೇ ಇಲ್ಲವಲ್ಲ.

ಬದಲಿಗೆ ಇಷ್ಟು ಸಾಕು: 'ಇಷ್ಟು ನೋವಿದೆ ಅಂತ ಗೊತ್ತಿರ್ಲಿಲ್ಲ.' 'ಆಮೇಲೆ?' 'ಇವತ್ತು ಹೇಗಿದೆ?' ಅವರು ಅತ್ತರೆ ಅಳಲಿ.

'ಯಾರಿಗೂ ಹೇಳಲ್ಲ ಅಂತ ಆಣೆ ಹಾಕು' ಅಂತ ಅವರು ಕೇಳಬಹುದು. ಆ ಆಣೆ ಹಾಕಬೇಡಿ. 'ಊರಿಗೆಲ್ಲ ಹೇಳಲ್ಲ. ಆದ್ರೆ ನಿನ್ನ ಜೀವದ ವಿಷಯ ಇದು, ಸಹಾಯ ಮಾಡೋರಿಗೆ ಹೇಳ್ಲೇಬೇಕು. ಯಾರಿಗೆ ಹೇಳೋಣ ಅಂತ ಇಬ್ಬರೂ ಸೇರಿ ಯೋಚನೆ ಮಾಡೋಣ' ಅನ್ನಿ. ಸಿಟ್ಟು ಬರಬಹುದು. ಬಂದರೂ ಪರವಾಗಿಲ್ಲ, ಸಿಟ್ಟಾದವರ ಜೊತೆ ಮುಂದೊಂದು ದಿನ ರಾಜಿಯಾಗಬಹುದು.

ನಾಲ್ಕನೇ ಹೆಜ್ಜೆ: ಅಪಾಯ ಎಷ್ಟು ಹತ್ತಿರ ಇದೆ ತಿಳಿಯಿರಿ

ಹೌದು ಅಂದರೆ ಇನ್ನೂ ಕೆಲವು ಪ್ರಶ್ನೆ ಕೇಳಬೇಕು. ಹೇಗೆ ಅಂತ ಯೋಚಿಸಿದ್ದೀಯಾ? ಯಾವಾಗ ಅಂತ ಅಂದುಕೊಂಡಿದ್ದೀಯಾ? ಅದಕ್ಕೆ ಬೇಕಾದದ್ದು ಕೈಗೆ ಸಿಗುವ ಹಾಗಿದೆಯಾ? ಹಿಂದೆ ಯಾವತ್ತಾದರೂ ಪ್ರಯತ್ನ ಮಾಡಿದ್ದೀಯಾ? ವಿವರ ಕೆದಕುವುದಕ್ಕಲ್ಲ, ಅಪಾಯ ಅಳೆಯುವುದಕ್ಕೆ.

'ಬದುಕು ಬೇಡ ಅನ್ನಿಸುತ್ತದೆ, ಆದರೆ ಏನೂ ಮಾಡಿಕೊಳ್ಳುವ ಯೋಚನೆ ಇಲ್ಲ' ಎನ್ನುವವರನ್ನು ಒಂದೆರಡು ದಿನದೊಳಗೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ದಿನವೂ ಮಾತಾಡಿಸಿ. ಹೇಗೆ, ಯಾವಾಗ ಅಂತ ಗಟ್ಟಿ ಮಾಡಿಕೊಂಡಿದ್ದಾರೆ, ಅದು ಕೈಗೂ ಸಿಗುವಂತಿದೆ ಅಂದರೆ ಅದು ತುರ್ತು. ನಾಳೆಗೆ ಬಿಡಬೇಡಿ. ಒಂದು ನಿಮಿಷವೂ ಒಬ್ಬರೇ ಇರಲು ಬಿಡಬೇಡಿ, ಬಚ್ಚಲಮನೆಗೆ ಹೋದರೂ ಬಾಗಿಲ ಹತ್ತಿರ ಇರಿ. ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಆಗದಿದ್ದರೆ ತುರ್ತು ಸೇವೆಗೆ ಫೋನ್ ಮಾಡಿ. ಭಾರತದಲ್ಲಿ ಅದು 112. ಈಗಾಗಲೇ ಏನಾದರೂ ಮಾಡಿಕೊಂಡಿದ್ದರೆ, ನೋಡಲು ಚೆನ್ನಾಗಿದ್ದಾರೆ ಅನ್ನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ಕೆಲವು ಹಾನಿ ಹೊರಗೆ ಕಾಣಲು ಸಮಯ ಹಿಡಿಯುತ್ತದೆ.

ಪೊಲೀಸ್ ಕೇಸ್ ಆಗುತ್ತದೆ ಎಂಬ ಹೆದರಿಕೆಗೆ ಆಸ್ಪತ್ರೆಗೆ ಹೋಗದವರಿದ್ದಾರೆ. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಬೇರೆ ರೀತಿ ಸಾಬೀತಾಗದ ಹೊರತು, ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ವಿಚಾರಣೆ ಮಾಡಿ ಶಿಕ್ಷೆ ಕೊಡುವಂತಿಲ್ಲ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. ಹಾಗಾಗಿ ಹೆದರಿ ಹೊತ್ತು ಕಳೆಯಬೇಡಿ.

ಐದನೇ ಹೆಜ್ಜೆ: ಅಪಾಯದ ವಸ್ತುಗಳನ್ನು ದೂರ ಮಾಡಿ

'ಸಾಯಬೇಕು ಅಂದುಕೊಂಡವರನ್ನು ಯಾರೂ ತಡೆಯೋಕಾಗಲ್ಲ' ಅನ್ನುವ ಮಾತು ನನಗೆ ತುಂಬಾ ನೋವು ಕೊಡುತ್ತದೆ, ಯಾಕೆಂದರೆ ಅದು ಸುಳ್ಳು. ಕ್ಯಾಲಿಫೋರ್ನಿಯಾದ ಸಂಶೋಧಕ ರಿಚರ್ಡ್ ಸೀಡನ್ 1978ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜೀವ ಕಳೆದುಕೊಳ್ಳಲು ಹೋಗಿ, ಕೊನೇ ಗಳಿಗೆಯಲ್ಲಿ ಬೇರೆಯವರು ತಡೆದ 515 ಜನ ಮುಂದೆ ಏನಾದರು ಎಂದು ಹುಡುಕಿಕೊಂಡು ಹೋದರು. ವರ್ಷಗಳಾದ ಮೇಲೂ ಅವರಲ್ಲಿ ನೂರಕ್ಕೆ ಸುಮಾರು 94 ಮಂದಿ ಬದುಕಿದ್ದರು, ಇಲ್ಲವೇ ಸಹಜವಾಗಿ ತೀರಿಕೊಂಡಿದ್ದರು. ತೀವ್ರ ಸಂಕಟದ ಹೊತ್ತು ಅಲೆಯ ಹಾಗೆ. ಏರುತ್ತದೆ, ಇಳಿಯುತ್ತದೆ. ಏರಿದಾಗ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1995ರ ನಂತರದ ಎರಡು ದಶಕಗಳಲ್ಲಿ ಅಲ್ಲಿ ಇಂಥ ಸಾವಿನ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ಆ ದಾರಿ ಮುಚ್ಚಿತು ಅಂತ ಹೆಚ್ಚಿನ ಜನ ಬೇರೆ ದಾರಿ ಹುಡುಕಿಕೊಂಡು ಹೋಗಲಿಲ್ಲ.

ಮನೆಯ ಮಟ್ಟದಲ್ಲಿ ಇದು ಸರಳ. ಅವರು ಏನು ಯೋಚಿಸಿದ್ದಾರೋ ಅದನ್ನು ಮೊದಲು ಮನೆಯಿಂದ ಹೊರಗೆ ಸಾಗಿಸಿ. ಮನೆಯವರೆಲ್ಲರ ಮಾತ್ರೆಗಳನ್ನು ಬೀಗ ಹಾಕಿಡಿ, ದಿನಕ್ಕೆ ಬೇಕಾದಷ್ಟೇ ಕೈಗೆ ಕೊಡಿ. ಕೀಟನಾಶಕ, ಆಯುಧ ಇದ್ದರೆ ಬೇರೆಯವರ ವಶಕ್ಕೆ ಕೊಡಿ. ಮದ್ಯವೂ ಬೇಡ, ಅದು ತಡೆಯುವ ಬುದ್ಧಿಯನ್ನು ಮಂಕು ಮಾಡುತ್ತದೆ. ಕದ್ದುಮುಚ್ಚಿ ಮಾಡುವುದಕ್ಕಿಂತ 'ಸ್ವಲ್ಪ ದಿನ ಇದನ್ನೆಲ್ಲ ದೂರ ಇಡ್ತೀನಿ, ನೀನು ನಂಗೆ ಬೇಕು' ಅಂತ ಹೇಳಿ ಮಾಡುವುದು ಮೇಲು.

ಆರನೇ ಹೆಜ್ಜೆ: ವೈದ್ಯರ ಹತ್ತಿರ ಜೊತೆಗೇ ಹೋಗಿ

'ಡಾಕ್ಟರ್ ಹತ್ರ ಹೋಗು' ಅಂದರೆ ಸಾಲದು. ಆ ಸ್ಥಿತಿಯಲ್ಲಿರುವವರಿಗೆ ಫೋನ್ ಮಾಡಿ ಸಮಯ ಕೇಳುವುದೇ ಬೆಟ್ಟದಂಥ ಕೆಲಸ. ನೀವೇ ಮಾಡಿ, ಜೊತೆಗೆ ಹೋಗಿ, ಹೊರಗೆ ಕಾಯಿರಿ. ಮನೋವೈದ್ಯರು ಔಷಧಿ ಬರೆಯುತ್ತಾರೆ. ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಮನೋವೈದ್ಯರು ಹತ್ತಿರದಲ್ಲಿ ಇಲ್ಲದಿದ್ದರೆ ಗೊತ್ತಿರುವ ಡಾಕ್ಟರಿಂದಲೇ ಶುರುಮಾಡಿ.

ಖಿನ್ನತೆಯ ಮಾತ್ರೆಗಳು ಕೆಲಸ ತೋರಿಸಲು ಕೆಲವು ವಾರ ಬೇಕು. 25ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಶುರುವಿನ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗುವುದೂ ಉಂಟು. ಹಾಗೇನಾದರೂ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ. 'ಈಗ ಚೆನ್ನಾಗಿದ್ದೀನಿ' ಅಂತ ಅವರಾಗಿಯೇ ಮಾತ್ರೆ ನಿಲ್ಲಿಸದಂತೆ ನೋಡಿಕೊಳ್ಳಿ.

ಏಳನೇ ಹೆಜ್ಜೆ: ಒಂದು ಹಾಳೆಯಲ್ಲಿ ಬರೆದಿಡಿ

'ಹಾಗೆ ಮಾಡ್ಕೊಳ್ಳಲ್ಲ ಅಂತ ನನ್ನ ಮೇಲೆ ಆಣೆ ಮಾಡು' ಅಂತ ಮಾತು ತೆಗೆದುಕೊಳ್ಳುವುದುಂಟು. ಅದರಿಂದ ಜೀವ ಉಳಿಯುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಮಾತು ಮುರಿಯುತ್ತೇನೇನೋ ಎಂಬ ಭಯಕ್ಕೆ ಅವರು ನಿಮ್ಮ ಹತ್ತಿರ ನಿಜ ಹೇಳುವುದನ್ನೇ ಬಿಡಬಹುದು. ಅದಕ್ಕಿಂತ ಉಪಯೋಗಕ್ಕೆ ಬರುವುದು, ಏನು ಮಾಡಬಾರದು ಎನ್ನುವುದರ ಬದಲು ಏನು ಮಾಡಬೇಕು ಎಂದು ಬರೆದಿಡುವುದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಇಂಥ ಸುರಕ್ಷತಾ ಯೋಜನೆ ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ.

ಸಂಕಟ ಇಲ್ಲದ ಹೊತ್ತಿನಲ್ಲಿ ಇಬ್ಬರೂ ಕೂತು, ಅವರದೇ ಮಾತಿನಲ್ಲಿ ಬರೆಯಿರಿ. ಯೋಚನೆ ಶುರುವಾಗುವ ಮೊದಲು ನನಗೆ ಏನಾಗುತ್ತದೆ? ಒಬ್ಬನೇ ಇದ್ದಾಗ ಏನು ಮಾಡಿದರೆ ಸ್ವಲ್ಪ ಹೊತ್ತು ಮನಸ್ಸು ಬೇರೆ ಕಡೆ ಹೋಗುತ್ತದೆ? ಯಾರ ಜೊತೆ, ಯಾವ ಜಾಗದಲ್ಲಿ ಇದ್ದರೆ ಹಗುರವಾಗುತ್ತದೆ? 'ನಂಗೆ ಕಷ್ಟ ಆಗ್ತಿದೆ' ಅಂತ ಯಾರಿಗೆ ಹೇಳಬಹುದು? ವೈದ್ಯರ, ಸಹಾಯವಾಣಿಯ ನಂಬರ್ ಏನು? ಕೈಗೆ ಸಿಗಬಾರದ್ದನ್ನು ಯಾರು ಇಟ್ಟುಕೊಳ್ಳುತ್ತಾರೆ? ಮೇಲಿಂದ ಕೆಳಗೆ ಒಂದೊಂದೇ ಪ್ರಯತ್ನಿಸುವುದು. ತೀರಾ ಕಷ್ಟವಾದರೆ ನೇರ ಫೋನಿನ ಸಾಲಿಗೆ ಹೋಗುವುದು. ಆ ಹಾಳೆಯ ಫೋಟೋ ಅವರ ಫೋನಿನಲ್ಲೂ ಇರಲಿ, ನಿಮ್ಮದರಲ್ಲೂ ಇರಲಿ.

ಆಮೇಲಿನ ದಿನಗಳು

ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಮೊದಲ ವಾರ, ಮೊದಲ ಮೂರು ತಿಂಗಳು ಅಪಾಯ ಹೆಚ್ಚು. ಆದರೆ ಅಷ್ಟರಲ್ಲಿ ಜನ ಬಂದುಹೋಗುವುದನ್ನು ನಿಲ್ಲಿಸಿರುತ್ತಾರೆ. ನೀವು ನಿಲ್ಲಿಸಬೇಡಿ.

ಒಬ್ಬರೇ ಇದನ್ನೆಲ್ಲ ಹೊರಲು ಹೋಗಬೇಡಿ. ಇಬ್ಬರು ಮೂವರು ಸೇರಿ ದಿನ ಹಂಚಿಕೊಳ್ಳಿ. ನಿಮ್ಮ ನಿದ್ದೆಯೂ ಮುಖ್ಯ. ಸಹಾಯವಾಣಿಗೆ ಸಹಾಯ ಮಾಡುವವರೂ ಫೋನ್ ಮಾಡಬಹುದು. ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಜೀವ ಉಳಿಯುವುದಿಲ್ಲ. ಹಾಗೆ ಆಪ್ತರನ್ನು ಕಳೆದುಕೊಂಡು ಇದನ್ನು ಓದುತ್ತಿರುವವರಿದ್ದರೆ ಇಷ್ಟು ಹೇಳಬೇಕು: ಈ ಸೂಚನೆಗಳು ನಡೆದುಹೋದ ಮೇಲೆ ತಿರುಗಿ ನೋಡಿದಾಗ ಕಾಣುವಷ್ಟು ಸ್ಪಷ್ಟವಾಗಿ ಆಗ ಯಾರಿಗೂ ಕಾಣುವುದಿಲ್ಲ. ಅದು ನಿಮ್ಮ ತಪ್ಪಲ್ಲ. ನಿಮಗೂ ಮಾತಾಡಲು ಒಬ್ಬರು ಬೇಕು.

ಸ್ಯಾನ್ ಫ್ರಾನ್ಸಿಸ್ಕೋದ ಮನೋವೈದ್ಯ ಜೆರೋಮ್ ಮೊಟ್ಟೊ, ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಮುಂದುವರಿಸದ 843 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ವರ್ಷ, ಆಗಾಗ ಪುಟ್ಟ ಪತ್ರ ಹೋಗುತ್ತಿತ್ತು. ಹೇಗಿದ್ದೀರಿ, ಚೆನ್ನಾಗಿದ್ದೀರಿ ಅಂದುಕೊಂಡಿದ್ದೇವೆ, ಬೇಕಿದ್ದರೆ ಬರೆಯಿರಿ, ಅಷ್ಟೇ. ಉಪದೇಶ ಇಲ್ಲ, ಒತ್ತಾಯ ಇಲ್ಲ. ಪತ್ರ ಹೋದ ಗುಂಪಿನಲ್ಲಿ ಸಾವುಗಳು ಕಡಿಮೆಯಾದವು, ಮೊದಲ ಎರಡು ವರ್ಷಗಳಲ್ಲಿ ಎದ್ದು ಕಾಣುವಷ್ಟು.

ನಿಮ್ಮ ಫೋನಿನಲ್ಲಿ ಒಂದು ರಿಮೈಂಡರ್ ಹಾಕಿಕೊಳ್ಳಿ. ಮೊದಲ ತಿಂಗಳು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಬರೆಯಬೇಕಾದದ್ದು ಇಷ್ಟೇ: 'ನೆನಪಾದೆ. ಉತ್ತರ ಬರೀಲೇಬೇಕು ಅಂತಿಲ್ಲ. ಭಾನುವಾರ ಬರ್ತೀನಿ.' ಭಾನುವಾರ ಹೋಗಿ.